ಇನ್ನೊಂದು ಕೈ

ಬೆರಳು ತೆಗೆಯುವುದೋ ಬಿಡುವುದೋ ಎಂಬ ತೀರ್ಮಾನ ಕೊನೆಗೆ ಅಕ್ಕನ ತಲೆಗೇ ಬಂತು. ಬೆರಳು ತಮ್ಮನದು. ಕತ್ತರಿಸಬೇಕಾದವರು ಆಸ್ಪತ್ರೆಯ ಸರ್ಜನ್. ಆದರೂ ಇಬ್ಬರೂ ಅವಳ ಮುಖವನ್ನೇ ನೋಡುತ್ತ ಕೂತಿದ್ದರು, ಯಾಕೆಂದರೆ ನೋವಿನ ಬಗ್ಗೆ ಸಂಶೋಧನೆ ಮಾಡುವವಳು ಅವಳು.

"ನೀವೇ ಹೇಳಿ ಮೇಡಂ," ಅಂದರು ಸರ್ಜನ್. "ಗಾಯ ಮಾಗಿದೆ. ಎಕ್ಸ್‌ರೇಲಿ ಮೂಳೆ ಕೂಡಿದೆ, ಸ್ಕ್ಯಾನಲ್ಲಿ ಏನೂ ಕಾಣಲ್ಲ. ಇವರು ಮಾತ್ರ ತೆಗೆದುಬಿಡಿ, ತೆಗೆದುಬಿಡಿ ಅಂತ ಬೆನ್ನು ಬಿದ್ದಿದಾರೆ. ನೋವು ನಿಜವಾಗ್ಲೂ ಇಷ್ಟಿದ್ರೆ ತೆಗೀತೀನಿ. ಇಲ್ದಿದ್ರೆ ನನ್ನ ಕೈಲಾಗಲ್ಲ. ನಿಮ್ಮ ಲ್ಯಾಬಲ್ಲಿ ನೋವು ಅಳೀತೀರಂತಲ್ಲ. ಒಂದ್ಸಲ ಅಳೆದು ಹೇಳಿ."

ತಮ್ಮ ಪುಸ್ತಕಗಳಿಗೆ ಬೈಂಡ್ ಹಾಕುವವನು. ಕಾಗದದ ಕಟ್ಟನ್ನು ಅಲುಗಾಡದಂತೆ ಒತ್ತಿ ಹಿಡಿಯುವ ಕಬ್ಬಿಣದ ಪಟ್ಟಿಯೊಂದು ಕಟಿಂಗ್ ಮಷಿನ್ನಿನಲ್ಲಿ ಇರುತ್ತದೆ. ಅದರಡಿ ಸಿಕ್ಕಿ ಅವನ ಬಲಗೈಯ ತೋರುಬೆರಳು ಜಜ್ಜಿಹೋಗಿತ್ತು. ಬ್ಯಾಂಡೇಜು ಬಿಚ್ಚಿದಾಗ ಎಲ್ಲರೂ ಸದ್ಯ ಬೆರಳು ಉಳಿಯಿತಲ್ಲ ಅಂದರು. ಅಲ್ಲಿಂದಲೇ ಶುರುವಾಯಿತು ಉರಿ. ಅಂಗಿಯ ತೋಳು ತಾಗಿದರೆ ಉರಿ, ಫ್ಯಾನಿನ ಗಾಳಿ ಸೋಕಿದರೆ ಉರಿ, ಹೊದಿಕೆಯ ಅಂಚು ತಗುಲಿದರೆ ಎದ್ದು ಕೂರುವಷ್ಟು ಉರಿ. ತುಂಬಿದ ಲೋಟ ಹಿಡಿದವನಂತೆ ಬಲಗೈಯನ್ನು ಎದೆಯ ಮುಂದೆ ಎತ್ತಿಕೊಂಡೇ ಮನೆಯೊಳಗೆಲ್ಲ ಓಡಾಡುತ್ತಿದ್ದ. ಜಗಳವೆಂದರೆ ಏನೆಂದು ತಿಳಿಯದ ಮನುಷ್ಯ, ಈಗ ಹೆಂಡತಿ ಕಿಟಕಿ ತೆರೆದರೂ ಸಿಡುಕುತ್ತಿದ್ದ. "ಗಾಳಿಗೂ ಬೈತಾರೆ ಅತ್ತಿಗೆ," ಎಂದು ಅವಳು ನಗಲು ನೋಡುತ್ತಿದ್ದಳು. ನಗು ಅರ್ಧಕ್ಕೇ ನಿಲ್ಲುತ್ತಿತ್ತು.

ಬೆರಳು ತೆಗೆದರೆ ನೋವು ಹೋಗುತ್ತದೆ ಎಂಬ ನಂಬಿಕೆ ಅಕ್ಕನಿಗೆ ಇರಲಿಲ್ಲ. ಅವಳು ದಿನ ಬೆಳಗಾದರೆ ನೋಡುತ್ತಿದ್ದುದೇ ಅದನ್ನು. ನರ ಜಜ್ಜಿದಾಗ ಅದು ಬೆನ್ನುಹುರಿಗೆ ಸುದ್ದಿ ಮುಟ್ಟಿಸುವುದು ರಾಸಾಯನಿಕಗಳ ಮೂಲಕ. ಆ ಸುದ್ದಿಗೆ ಕಿವಿಗೊಡುವುದು ನರಕೋಶಗಳಷ್ಟೇ ಅಲ್ಲ. ಅವುಗಳ ಸುತ್ತ ಗ್ಲಿಯಾ ಎಂಬ ಬೇರೆ ಜೀವಕೋಶಗಳಿವೆ. ನರಕೋಶಗಳನ್ನು ಬೀಳದಂತೆ ಹಿಡಿದುಕೊಳ್ಳುವುದಷ್ಟೇ ಇವುಗಳ ಕೆಲಸ ಎಂದು ಹಿಂದಿನವರು ತಿಳಿದಿದ್ದರು. ಹಾಗಲ್ಲ, ಅವು ಎಲ್ಲವನ್ನೂ ಕೇಳಿಸಿಕೊಳ್ಳುತ್ತವೆ. ಕೇಳಿಸಿಕೊಂಡು ಎದ್ದು ತಾವೂ ರಾಸಾಯನಿಕ ಸುರಿಸುತ್ತವೆ. ಅದು ತಾಗಿದ ನರಕೋಶ ಇನ್ನಷ್ಟು ಕೆರಳುತ್ತದೆ, ಕೆರಳಿ ಮತ್ತೆ ಗ್ಲಿಯಾವನ್ನು ಕೆಣಕುತ್ತದೆ. ಹೊರಗಿನ ಗಾಯ ಮಾಗಿದ ಮೇಲೂ ಒಳಗಿನ ಈ ಮಾತುಕತೆ ನಿಲ್ಲದಿದ್ದರೆ, ಬಟ್ಟೆ ಸೋಕಿದ್ದನ್ನೂ ಬೆಂಕಿ ಸೋಕಿತೆಂದೇ ಬೆನ್ನುಹುರಿ ಮಿದುಳಿಗೆ ಹೇಳುತ್ತದೆ.

ಇಷ್ಟು ಗೊತ್ತಿದ್ದವಳು ಸರ್ಜನ್‌ಗೆ ಅಲ್ಲೇ ಬೇಡ ಎಂದುಬಿಡಬಹುದಿತ್ತು. ಆದರೆ ಅಳತೆ ಮಾಡದೆ ಬಾಯಿ ಬಿಡುವ ಜಾಯಮಾನ ಅವಳದಲ್ಲ. ಸ್ವಂತ ತಮ್ಮನ ವಿಷಯದಲ್ಲಂತೂ ಕರುಳಿನ ಮಾತು ಕೇಳಿ ಎಡವಬಾರದು ಎಂದು ಇನ್ನೂ ಬಿಗಿಯಾದಳು. ಬುದ್ಧಿವಂತರಿಗೆ ಬರುವ ಕಾಯಿಲೆ ಇದು, ಇದಕ್ಕೂ ಔಷಧಿ ಇಲ್ಲ.

ಅವಳ ಲ್ಯಾಬಿನಲ್ಲಿ ನೋವು ಅಳೆಯಲು ನೈಲಾನ್ ಎಳೆಗಳಿವೆ. ಕೂದಲಿನಷ್ಟು ತೆಳ್ಳಗಿನದರಿಂದ ಹಿಡಿದು ಪೊರಕೆಕಡ್ಡಿಯಷ್ಟು ಗಟ್ಟಿಯಾದದ್ದರವರೆಗೆ ಒಂದೊಂದಕ್ಕೂ ಒಂದು ಹಿಡಿ. ಇಲಿಯನ್ನು ತಂತಿಯ ಜಾಲರಿಯ ಮೇಲೆ ಬಿಟ್ಟು, ಕೆಳಗಿನಿಂದ ಅಂಗಾಲಿಗೆ ಎಳೆಯನ್ನು ಅದು ಬಾಗುವ ತನಕ ಒತ್ತಬೇಕು. ಯಾವ ಎಳೆಗೆ ಇಲಿ ಕಾಲೆಳೆದುಕೊಂಡಿತೋ ಅದೇ ಅದರ ನೋವಿನ ಅಳತೆ. ನಿಯಮಗಳು ಎರಡು. ಇಲಿಯ ಮುಖ ನೋಡಬಾರದು, ನೋಡಿದರೆ ಮನಸ್ಸು ಕರಗಿ ಅಳತೆ ಕೆಡುತ್ತದೆ. ಗಾಯವಾದ ಕಾಲನ್ನು ಗಾಯವಾಗದ ಕಾಲಿನ ಜೊತೆ ಹೋಲಿಸಬೇಕು. ಎರಡರ ನಡುವೆ ವ್ಯತ್ಯಾಸ ಕಂಡರೆ ಅದು ನರದ ನೋವು. ಎರಡನ್ನೂ ಒಂದೇ ಥರ ಎಳೆದುಕೊಂಡರೆ ಅದು ಬರೀ ಹೆದರಿದ ಇಲಿ, ಲೆಕ್ಕಕ್ಕಿಲ್ಲ.

ಆ ಎಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಭಾನುವಾರ ತಮ್ಮನ ಮನೆಗೆ ಹೋದಳು. ಊಟದ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಅವನ ಕೈ ಇಡಿಸಿ, ಕಣ್ಣು ಮುಚ್ಚಲು ಹೇಳಿದಳು.

"ಚುಚ್ಚಿದ ಹಾಗಾದ್ರೆ ಎಳ್ಕೋ. ಅಷ್ಟೇ ಕೆಲಸ."

"ಕಿರುಚಬಹುದಾ?"

"ಕಿರುಚಿದ್ದು ಲೆಕ್ಕಕ್ಕೆ ಬರಲ್ಲ."

ಅತಿ ತೆಳುವಾದ ಎಳೆಗೇ ಅವನ ಬಲಗೈ ಸುಟ್ಟವರ ಕೈಯಂತೆ ಹಿಂದಕ್ಕೆ ಹಾರಿತು. ಹಣೆಯಲ್ಲಿ ಬೆವರು ಒಡೆಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮುಖ ತಿರುಗಿಸಿದಳು. ಅಕ್ಕ ಮತ್ತೆ ಮತ್ತೆ ಬಿಡುವು ಕೊಟ್ಟು ನೋಡಿದಳು, ಅದೇ ಉತ್ತರ.

"ಈಗ ಎಡಗೈ ಕೊಡು."

"ಅದ್ಯಾಕೆ? ಏಟು ಬಿದ್ದಿದ್ದು ಬಲಗೈಗೆ ತಾನೆ?"

"ಹೋಲಿಸಿ ನೋಡ್ಬೇಕು. ಕೊಡು."

ತಮ್ಮ ಎಡಗೈಯನ್ನು ತೊಡೆಯ ಮೇಲಿಂದ ಎತ್ತಲು ತಡಮಾಡಿದ. ಎತ್ತಿ ದಿಂಬಿನ ಮೇಲಿಟ್ಟ. ಅವಳು ಅದೇ ತೆಳು ಎಳೆ ಸೋಕಿಸಿದಳು. ಆ ಕೈಯೂ ಹಿಂದಕ್ಕೆ ಹಾರಿತು.

ಅಕ್ಕ ಇನ್ನೊಮ್ಮೆ ಮಾಡಿದಳು. ಹಾರಿತು. ಅವನು ಏನೋ ಹೇಳಲು ಬಾಯಿ ತೆರೆದು ಮುಚ್ಚಿದ್ದು ಅವಳ ಕಣ್ಣಂಚಿಗೆ ಬಿತ್ತು. ಆದರೆ ಮುಖ ನೋಡಬಾರದೆಂಬ ಅಭ್ಯಾಸ ಅವಳ ಮೈಗೆ ಹತ್ತಿಬಿಟ್ಟಿತ್ತು. ನೋಡಲಿಲ್ಲ. ಎರಡೂ ಕೈ ಒಂದೇ ಥರ ಎಳೆದುಕೊಂಡ ಮೇಲೆ ಉತ್ತರ ಸ್ಪಷ್ಟವಾಗಿತ್ತು. ಇವನು ಹೆದರಿದ್ದಾನೆ. ಎಲ್ಲಿ ಮುಟ್ಟಿದರೂ ಹೆದರುತ್ತಾನೆ. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಹಾಯೆನಿಸಿತು. ಬೆರಳು ಉಳಿಯಿತು.

ಮರುದಿನ ಸರ್ಜನ್‌ಗೆ ಫೋನ್ ಮಾಡಿ, ಎರಡು ಕೈಗೂ ವ್ಯತ್ಯಾಸವೇ ಇಲ್ಲ, ಇದು ನರದ ನೋವಲ್ಲ, ಹೆದರಿಕೆ ಎಂದಳು. ಸರ್ಜನ್ ಥ್ಯಾಂಕ್ಸ್ ಹೇಳಿ, ತಮ್ಮನನ್ನು ಕರೆಸಿ, ಮನಸ್ಸಿನ ಡಾಕ್ಟರೊಬ್ಬರ ವಿಳಾಸ ಕೈಗಿಟ್ಟರು. ಆಸ್ಪತ್ರೆಯಿಂದ ಸೀದಾ ತಮ್ಮ ಅಕ್ಕನ ಮನೆಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತ.

"ನಾನು ನಾಟಕ ಆಡ್ತಿದೀನಿ ಅಂತ ಹೇಳಿದ್ಯಾ?"

"ನಾಟಕ ಅಂದಿಲ್ಲ ಕಣೋ. ಹೆದರಿಕೆ ಅಂದೆ. ಹೆದರಿಕೆಯೂ ಒಂದು ಥರದ—"

"ಇಲಿ ಎಳ್ಕೊಂಡ್ರೆ ನಂಬ್ತೀಯ. ನಾನು ಬಾಯಿಬಿಟ್ಟು ಹೇಳಿದ್ರೆ ನಂಬಲ್ಲ."

ಅವಳು ಒಳಗೆ ಬಾ, ಕೂತು ಮಾತಾಡೋಣ ಎಂದು ಕೈ ಚಾಚಿದಳು. ತಮ್ಮ ಎರಡು ಹೆಜ್ಜೆ ಹಿಂದೆ ಸರಿದ, ಎರಡೂ ಕೈಗಳನ್ನು ಮೇಲೆತ್ತಿಕೊಂಡು. ಸಿಟ್ಟಿಗೆ ಹಾಗೆ ಮಾಡಿದ ಎಂದುಕೊಂಡಳು. ಆಮೇಲೆ ಅವನು ಫೋನ್ ಎತ್ತುವುದನ್ನು ನಿಲ್ಲಿಸಿದ.

ವಾರ ಕಳೆದ ಮೇಲೊಂದು ಮಧ್ಯಾಹ್ನ ಅಕ್ಕ ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದಳು. ಇಲಿಯ ಬೆನ್ನುಹುರಿಯನ್ನು ತೆಳುವಾಗಿ ಸೀಳಿ ಗಾಜಿನ ಮೇಲಿಟ್ಟು, ಕೆರಳಿದ ಗ್ಲಿಯಾ ಹಸಿರಾಗಿ ಹೊಳೆಯುವಂತೆ ಬಣ್ಣ ಕೊಟ್ಟಿದ್ದರು. ಗಾಯವಾದ ಕಾಲಿನ ಬದಿ ಹೊಳೆಯಬೇಕು, ಇನ್ನೊಂದು ಬದಿ ಮಂಕಾಗಿರಬೇಕು. ಯಾವುದು ಯಾವ ಬದಿಯೆಂದು ತಿಳಿಯಲು ಗಾಯವಾಗದ ಬದಿಗೆ ಸೂಜಿಯಿಂದ ಒಂದು ಸಣ್ಣ ಕಚ್ಚು ಹಾಕಿರುತ್ತಾರೆ. ಅವಳು ನೋಡಿದಾಗ ಕಚ್ಚು ಇದ್ದ ಬದಿಯೇ ಹಸಿರಾಗಿ ಉರಿಯುತ್ತಿತ್ತು. ಕಚ್ಚು ತಪ್ಪು ಬದಿಗೆ ಬಿದ್ದಿದೆ, ಯಾರೋ ಮೈಮರೆತು ಕೆಲಸ ಮಾಡಿದ್ದಾರೆ ಎಂದು ಗೊಣಗುತ್ತ ಗಾಜನ್ನು ಸರಿಸಿದಳು. ಆ ಕಡೆಯೂ ಹಸಿರು.

ಎರಡೂ ಕಡೆ ಹಸಿರು. ಯಾವ ಇಲಿ ಇದು ಎಂದು ನೋಡಿದಳು. ಎರಡು ಕಾಲನ್ನೂ ಎಳೆದುಕೊಳ್ಳುತ್ತಿದ್ದ, ಅವಳೇ ಹೆದರುಪುಕ್ಕಲನೆಂದು ಹೆಸರಿಟ್ಟು ಲೆಕ್ಕದಿಂದ ಹೊರಗಿಟ್ಟಿದ್ದ ಇಲಿ.

ಇದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗ್ಲಿಯಾಗಳಲ್ಲಿ ಒಂದು ಜಾತಿಯವು ಒಂದಕ್ಕೊಂದು ಕೈ ಹಿಡಿದುಕೊಂಡಂತೆ ಸೇರಿಕೊಂಡಿರುತ್ತವೆ, ಒಂದರೊಳಗಿನ ಸುದ್ದಿ ಮುಂದಿನದಕ್ಕೆ ಸೋರಿ ಹುರಿಯ ಆಚೆ ಬದಿಗೂ ದಾಟಬಲ್ಲದು, ದಾಟಿದರೆ ಏಟೇ ಬೀಳದ ಕೈ ಕಾಲೂ ಕನ್ನಡಿಯಲ್ಲಿ ಕಂಡಂತೆ ನೋಯಬಲ್ಲದು ಎಂದು ಓದಿದ್ದಳು, ಪಾಠವನ್ನೂ ಮಾಡಿದ್ದಳು. ಪಾಠ ಮಾಡಿದ ಬಾಯಲ್ಲೇ ತಮ್ಮನಿಗೆ ಹೆದರಿಕೆ ಎಂದಿದ್ದಳು. ಎಡಗೈ ಎತ್ತಲು ಅವನು ತಡಮಾಡಿದ್ದು, ಬಾಯಿ ತೆರೆದು ಮುಚ್ಚಿದ್ದು, ಹೊಸ್ತಿಲಿನಿಂದ ಎರಡೂ ಕೈ ಎತ್ತಿಕೊಂಡು ಹಿಂದೆ ಸರಿದದ್ದು ಒಂದಾದ ಮೇಲೊಂದು ಕಣ್ಣ ಮುಂದೆ ಬಂದವು. ಅವಳು ಅಳತೆಗೋಲು ಅಂದುಕೊಂಡ ಕೈಯೇ ಉರಿಯುತ್ತಿತ್ತು.

ತಮ್ಮನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಅವನ ಹೆಂಡತಿಗೆ ಮಾಡಿದಳು.

"ಇವತ್ತು ಅಂಗಡಿಗೆ ರಜ ಅತ್ತಿಗೆ. ಆದ್ರೂ ಬೀಗದಕೈ ತಗೊಂಡು ಹೋದ್ರು. ಕೆಲಸ ಮಾಡೋಕೆ ಕೈಯೇ ಆಗಲ್ಲ, ಹೋಗಿ ಏನ್ ಮಾಡ್ತಾರೋ." ಆಮೇಲೆ, ಹೇಳಲೋ ಬೇಡವೋ ಎಂಬಂತೆ, "ಮನೇಲಿದ್ದ ಹತ್ತಿ, ಬ್ಯಾಂಡೇಜು, ಡೆಟಾಲು ಎಲ್ಲಾ ಚೀಲಕ್ಕೆ ಹಾಕ್ಕೊಂಡ್ರು. ಯಾಕೆ ಅಂತ ಕೇಳಿದ್ರೆ ಹೊರಟೇಹೋದ್ರು. ಯಾಕಿರಬಹುದು?"

ಅಕ್ಕ "ನೀನೂ ಅಂಗಡಿಗೆ ಹೊರಡು," ಎಂದಷ್ಟೇ ಹೇಳಿ ಓಡಿದಳು. ಬಿಳಿ ಕೋಟು ಬಿಚ್ಚುವುದೂ ನೆನಪಾಗಲಿಲ್ಲ. ಟ್ಯಾಕ್ಸಿಯವನು ಕನ್ನಡಿಯಲ್ಲಿ ಅವಳ ಕೋಟು ನೋಡಿ, ಎಮರ್ಜೆನ್ಸಿಯಾ ಡಾಕ್ಟ್ರೇ ಎಂದು ಕೇಳಿದ. ಹೌದು ಎಂದಳು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ತಮ್ಮನಿಗೆ ಫೋನ್ ಮಾಡುತ್ತಲೇ ಇದ್ದಳು. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಇದಕ್ಕೆಲ್ಲ ನಾನೇ ಕಾರಣ ಎಂಬ ಒಂದೇ ಮಾತು ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಅಂಗಡಿಯ ರೋಲಿಂಗ್ ಶಟರು ಮೊಣಕಾಲೆತ್ತರಕ್ಕೆ ಇಳಿದಿತ್ತು. ಬಗ್ಗಿ ಒಳಗೆ ನುಸುಳಿದಳು. ಹೊಲಿದಿಟ್ಟ ಹಾಳೆಗಳ ಕಟ್ಟುಗಳು, ರಟ್ಟಿನ ರಾಶಿ, ಅಂಟಿನ ಡಬ್ಬಿಗಳು. ಅವುಗಳ ಕೊನೆಯಲ್ಲಿ ಕಟಿಂಗ್ ಮಷಿನ್. ಅದು ಹಳೆಯ ಕಾಲದ್ದು, ಉದ್ದನೆಯ ಹಿಡಿಯನ್ನು ಕೆಳಕ್ಕೆಳೆದರೆ ಅಲಗು ಇಳಿಯುತ್ತದೆ. ತಮ್ಮ ಅದರ ಮುಂದೆ ನಿಂತಿದ್ದ. ಬಲಗೈಯ ತೋರುಬೆರಳೊಂದೇ ಕಬ್ಬಿಣದ ಪಟ್ಟಿಯ ಕೆಳಗೆ, ಅಲಗಿನ ದಾರಿಯಲ್ಲಿತ್ತು, ಉಳಿದ ಬೆರಳುಗಳನ್ನು ಮಡಚಿ ಬಟ್ಟೆಯಲ್ಲಿ ಸುತ್ತಿದ್ದ. ಎಡಗೈಗೆ ಟವೆಲ್ ಸುತ್ತಿಕೊಂಡಿದ್ದ, ಆ ಕೈ ಹಿಡಿಯ ಮೇಲಿತ್ತು. ಪಕ್ಕದ ಸ್ಟೂಲಿನ ಮೇಲೆ ಹತ್ತಿ, ಬ್ಯಾಂಡೇಜು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದ.

"ಹೊರಗೆ ಹೋಗು ಅಕ್ಕ," ಅಂದ. ತಿರುಗಿ ನೋಡಲಿಲ್ಲ.

ಅಕ್ಕ ಇದ್ದಲ್ಲೇ ನಿಂತಳು. ಓಡಿ ಹೋಗಿ ಹಿಡಿದುಕೊಂಡರೆ ಆ ಗಲಿಬಿಲಿಯಲ್ಲೇ ಅಲಗು ಇಳಿದುಬಿಡುತ್ತದೆ. ಬೇಡ, ತಪ್ಪು, ಹುಚ್ಚಾ ನಿನಗೆ ಎಂದೆಲ್ಲ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಅವೆಲ್ಲ ಅವನು ಕೇಳಿ ಕೇಳಿ ಸಾಕಾದ ಮಾತುಗಳು.

"ಎಡಗೈ ಯಾವಾಗಿಂದ ಉರೀತಿದೆ?"

ತಮ್ಮನ ಬೆನ್ನು ನೆಟ್ಟಗಾಯಿತು.

"ಯಾರ್ ಹೇಳಿದ್ರು ನಿಂಗೆ?"

"ನೀನೇ ಹೇಳ್ದೆ. ಅವತ್ತು ಎಳೆ ಮುಟ್ಟಿಸಿದಾಗ. ನಾನೇ ಕೇಳಿಸ್ಕೊಳ್ಳಲಿಲ್ಲ."

"ಯಾರಿಗೂ ಹೇಳಿಲ್ಲ ನಾನು. ಅವಳಿಗೂ ಹೇಳಿಲ್ಲ." ಅವನ ದನಿ ಒಡೆದಿತ್ತು. "ಏಟು ಬಿದ್ದ ಬೆರಳು ನೋಯುತ್ತೆ ಅಂದ್ರೇ ಯಾರೂ ನಂಬ್ತಿರಲಿಲ್ಲ. ಏನೂ ಆಗದ ಕೈ ಉರೀತಿದೆ ಅಂದ್ರೆ ಏನಂತಿದ್ರಿ? ಹುಚ್ಚು ಅಂತಿದ್ರಿ. ಸರ್ಜನ್ನು ಬೆರಳನ್ನ ಮುಟ್ತಾನೂ ಇರಲಿಲ್ಲ. ಇದನ್ನ ತೆಗೆದ್ರೆ ಅದೂ ತಾನಾಗೇ ಹೋಗುತ್ತೆ ಅಂತ..."

"ಹೋಗಲ್ಲ ಕಣೋ."

"ನಿಂಗೇನ್ ಗೊತ್ತು?"

"ಇದೊಂದು ಗೊತ್ತು. ನೋವು ಈಗ ಬೆರಳಲ್ಲಿಲ್ಲ. ಬೆನ್ನುಹುರಿಯಲ್ಲಿದೆ, ಕುತ್ತಿಗೆ ಹಿಂದೆ, ಎರಡೂ ಕೈ ನರಗಳು ಒಳಗೆ ಹೋಗೋ ಜಾಗದಲ್ಲಿ. ನರಗಳ ಮಧ್ಯೆ ಗ್ಲಿಯಾ ಅಂತ ಇದೆ. ಆ ಹೆಸರಿನ ಅರ್ಥವೇ ಅಂಟು ಅಂತ. ನೀನು ಹಾಳೆಯ ಒಂದು ಕಡೆ ಅಂಟು ಹಚ್ತೀಯ, ಜಾಸ್ತಿ ಆದ್ರೆ ಏನಾಗುತ್ತೆ?"

ಹಿಡಿಯ ಮೇಲಿದ್ದ ಅವನ ಟವೆಲ್ಲಿನ ಕೈ ಸ್ವಲ್ಪ ಸಡಿಲವಾಯಿತು. ಆಗ ಅವಳಿಗೆ ಇನ್ನೊಂದು ಸಂಗತಿ ಹೊಳೆಯಿತು. ಇವನು ಇಷ್ಟು ಹೊತ್ತು ನಿಂತೇ ಇರುವುದು ಧೈರ್ಯ ಸಾಲದೆ ಅಲ್ಲ. ಹಿಡಿಯನ್ನು ಬಿಗಿಯಾಗಿ ಹಿಡಿದೆಳೆಯಲು ಎಡಗೈಗೆ ಆಗುತ್ತಿಲ್ಲ.

"ಆಚೆ ಕಡೆಗೆ ಸೋರುತ್ತೆ," ಅಂದ ತಮ್ಮ ಕೊನೆಗೆ.

"ಹಾಗೇ ಆಗಿದೆ."

"ಎರಡೂ ಕೈ ತೆಗೆದ್ರೆ?"

"ಆಗ್ಲೂ ಹೋಗಲ್ಲ."

"ಹಾಗಾದ್ರೆ ಏನನ್ನ ಕತ್ತರಿಸ್ಬೇಕು, ಹೇಳು."

"ಕತ್ತರಿಸೋ ಅಂಥದ್ದು ಏನೂ ಇಲ್ಲ."

ಅವನು ಈಗ ತಿರುಗಿ ನೋಡಿದ. ಅಕ್ಕ ಈ ಸಲ ಅವನ ಮುಖ ನೋಡಿದಳು. ಇಷ್ಟು ದಿನ ಅವನನ್ನು ಹಿಡಿದು ನಿಲ್ಲಿಸಿದ್ದೇ ಆ ಬೆರಳು ಒಂದು ದಿನ ಹೋಗುತ್ತದೆ ಎಂಬ ಆಸೆ. ಅದನ್ನೂ ಅವಳು ಕಿತ್ತುಕೊಂಡಿದ್ದಳು.

"ನಿನ್ ಇಲಿಗಳಿಗೆ ಔಷಧಿ ಇದ್ಯಲ್ಲ. ವಾಸಿಯಾಗ್ತವೆ ಅಂತಿದ್ದೆ."

ಇಲ್ಲೊಂದು ಸುಳ್ಳು ಹೇಳಿದ್ದರೆ ಬೆರಳು ಆ ಕ್ಷಣವೇ ಹೊರಗೆ ಬರುತ್ತಿತ್ತು. ಮುಂದಿನ ತಿಂಗಳು ನಿನಗೂ ಕೊಡಿಸುತ್ತೇನೆ ಎಂದರೆ ಸಾಕಿತ್ತು. ಮಾತು ತುಟಿಯ ತನಕ ಬಂದಿತ್ತು. ಆದರೆ ಅವಳ ಒಂದು ತಪ್ಪು ಮಾತೇ ಅವನನ್ನು ಇಲ್ಲಿಗೆ ತಂದು ನಿಲ್ಲಿಸಿತ್ತು.

"ಕೆಲವು ಇಲಿಗಳಿಗೆ ಆಗಿದೆ. ಮನುಷ್ಯರಿಗೆ ಆಗುತ್ತೋ ಇಲ್ವೋ ನಂಗೊತ್ತಿಲ್ಲ. ಉರಿ ತಗ್ಗಿಸೋಕೆ ಬೇರೆ ದಾರಿಗಳಿವೆ, ಒಂದೊಂದೇ ನೋಡ್ಬೇಕು. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಕ್ಕಾಗಲ್ಲ."

ತಮ್ಮ ಅವಳನ್ನೇ ದಿಟ್ಟಿಸಿದ. ಬೆರಳು ಇನ್ನೂ ಪಟ್ಟಿಯ ಕೆಳಗೇ ಇತ್ತು.

"ಡಾಕ್ಟ್ರಿಗೆ ಹೇಳು."

"ಏನಂತ?"

"ನೀನು ಹೇಳಿದ್ದು ತಪ್ಪು ಅಂತ. ನಂಗೆ ಕೇಳೋ ಹಾಗೆ ಹೇಳು. ಈಗಲೇ."

ಅವಳು ಫೋನ್ ತೆಗೆದಳು. ಸರ್ಜನ್ ನಂಬರ್ ಒತ್ತಿದಳು. ಸ್ಪೀಕರ್ ಹಾಕಿದಳು. ಸರ್ಜನ್ ಎತ್ತಿದಾಗ ಹಿಂದೆ ಪಾತ್ರೆ ತಾಗುವ ಸದ್ದಿತ್ತು, ಊಟ ಮಾಡುತ್ತಿದ್ದರೇನೋ.

"ಸರ್, ನಮ್ಮ ತಮ್ಮನ ವಿಷಯದಲ್ಲಿ ನಾನು ಹೇಳಿದ್ದು ತಪ್ಪು. ಅವನಿಗೆ ಹೆದರಿಕೆ ಅಲ್ಲ. ನೋವು ನಿಜ. ಅವನು ಹೇಳಿದ್ದಕ್ಕಿಂತ ಜಾಸ್ತಿಯೇ ಇದೆ. ನಾನು ಅಳೆದಿದ್ದೇ ಸರಿಯಿಲ್ಲ."

"ಓ," ಅಂದರು ಸರ್ಜನ್. ಆಮೇಲೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ಛೆ, ಪಾಪ. ಹಾಗಿದ್ರೆ ಇನ್ನು ಅವರನ್ನ ನರಳಿಸೋದು ಬೇಡ ಮೇಡಂ. ಸೋಮವಾರ ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ. ಬೆರಳು ತೆಗೆದುಬಿಡೋಣ."

ಅಕ್ಕ ಫೋನ್ ಹಿಡಿದುಕೊಂಡು ಕಲ್ಲಾಗಿ ನಿಂತಳು. ಇದಾಗಬಹುದು ಎಂದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಅವನು ತಿಂಗಳುಗಟ್ಟಲೆ ಕಾಡಿ ಬೇಡಿದ್ದು ಈಗ ಅವಳ ಅಂಗೈಯೊಳಗಿನಿಂದಲೇ ಅವನಿಗೆ ಸಿಕ್ಕಿತ್ತು. ಅರಿವಳಿಕೆ, ಸ್ವಚ್ಛವಾದ ಮೇಜು, ನುರಿತ ಕೈ. ಈ ತುಕ್ಕು ಹಿಡಿದ ಮಷಿನ್ ಬೇಕಿಲ್ಲ. ಬೇಡ ಎನ್ನುವ ಅಧಿಕಾರ ಅವಳಿಗೆ ಉಳಿದಿರಲಿಲ್ಲ, ಅದನ್ನು ಅವಳು ಆ ಭಾನುವಾರವೇ ಕಳೆದುಕೊಂಡಿದ್ದಳು. ತಮ್ಮನ ಕಣ್ಣು ಫೋನಿನ ಮೇಲೆ ನೆಟ್ಟಿತ್ತು.

"ಹಲೋ? ಮೇಡಂ?"

"ಡಾಕ್ಟ್ರೇ," ಅಂದ ತಮ್ಮ, ಇದ್ದಲ್ಲಿಂದಲೇ, ಸ್ವಲ್ಪ ದನಿ ಎತ್ತರಿಸಿ. "ನಾನು ಪೇಷಂಟು ಮಾತಾಡ್ತಿರೋದು. ನಂಗೆ ಎರಡೂ ಕೈ ಉರಿಯುತ್ತೆ. ಎಡಗೈಗೆ ಏಟೇ ಬಿದ್ದಿಲ್ಲ, ಆದ್ರೂ ಉರಿಯುತ್ತೆ. ಸೋಮವಾರ ಯಾವುದನ್ನ ತೆಗೀತೀರಿ?"

ಫೋನಿನಲ್ಲಿ ಪಾತ್ರೆಯ ಸದ್ದು ನಿಂತಿತು. ಸರ್ಜನ್, ನಾಳೆ ಬನ್ನಿ, ಮೊದಲಿಂದ ನೋಡೋಣ, ನರರೋಗದವರನ್ನೂ ಕರೆಸುತ್ತೇನೆ ಎಂದು ತಡೆದು ತಡೆದು ಹೇಳಿ ಫೋನಿಟ್ಟರು.

ತಮ್ಮ ಪಟ್ಟಿಯ ಕೆಳಗಿಂದ ಬೆರಳು ತೆಗೆದ. ಅದರ ಅಂಚು ಚೂರು ಸೋಕಿತೇನೋ, ಹಲ್ಲು ಕಚ್ಚಿಕೊಂಡ. ಹಾಳೆಗಳ ಕಟ್ಟೊಂದರ ಮೇಲೆ ಕುಸಿದು ಕೂತು ಅಳಲು ಶುರು ಮಾಡಿದ. ಮುಖ ಮುಚ್ಚಿಕೊಳ್ಳಲೂ ಅವನಿಗೆ ಕೈಗಳಿರಲಿಲ್ಲ. ಎರಡನ್ನೂ ಗಾಳಿಯಲ್ಲಿ ಎತ್ತಿ ಹಿಡಿದು, ಎಲ್ಲರೆದುರು ಅಳುವ ಮಗುವಿನಂತೆ ಬಾಯಿ ತೆರೆದು ಅತ್ತ. ಶಟರಿನಾಚೆ ಅವನ ಹೆಂಡತಿಯ ಚಪ್ಪಲಿಗಳು ಬಂದು ನಿಂತದ್ದು ಅಕ್ಕನಿಗೆ ಕಂಡಿತು.

ಅವನ ಕೈ ಹಿಡಿದುಕೊಳ್ಳಬೇಕೆಂದು ಅವಳಿಗೆ ಬಹಳ ಅನಿಸಿತು. ಹಿಡಿಯುವಂತಿರಲಿಲ್ಲ. ಪಕ್ಕದಲ್ಲಿ ಕೂತು ಅವನ ಕುತ್ತಿಗೆಯ ಹಿಂಭಾಗಕ್ಕೆ ಅಂಗೈ ಇಟ್ಟಳು. ಕೂದಲ ಕೆಳಗೆ ಬೆವರಿ ಒದ್ದೆಯಾಗಿತ್ತು.

"ಇಲ್ಲಿ ಮುಟ್ಟಿದ್ರೆ ನೋಯುತ್ತಾ?"

"ಇಲ್ಲ," ಅಂದ ತಮ್ಮ ಬಿಕ್ಕುತ್ತ. "ಅಲ್ಲೇನೂ ಇಲ್ಲ."

ಅಕ್ಕ ಕೈ ತೆಗೆಯಲಿಲ್ಲ.